ಮಲ್ಲವ್ವನ ತಾಟು

ಗೆಳೆಯರೇ, ಇವತ್ತು ಕುಷಾಯಿಗೂಡದ ನಮ್ಮ ಚರ್ಚಿನಲ್ಲಿ ಬಲಿಪೂಜೆಯ ಪ್ರಾರ್ಥನೆ ಮುಗಿದ ನಂತರ ಎಲ್ಲರಿಗೂ ಊಟವಿತ್ತು. ಪಕ್ಕದಲ್ಲಿ ಕಟ್ಟಡ ಕಟ್ಟುತ್ತಿರುವ ಕಲಬುರಗಿ ಕಡೆಯ ಕೂಲಿಯವರನ್ನೂ ಕರೆದಿದ್ದೆವು. ಎಸೆಯುವ ತಟ್ಟೆ ಬೇಡ, ಮನೆಯಿಂದಲೇ ತನ್ನಿ ಎಂದು ಮೂರು ಭಾನುವಾರ ಮೈಕಿನಲ್ಲಿ ಹೇಳಿದವಳು ನಾನು. ಸಾಲಿನಲ್ಲಿ ನಿಂತ ಮೇಲೆ ನೆನಪಾಯಿತು, ನನ್ನ ತಟ್ಟೆ ಮನೆಯಲ್ಲೇ ಉಳಿದಿದೆ.

ಕೂಲಿಯವರೆಲ್ಲ ತಂದಿದ್ದರು. ಅವರಲ್ಲಿ ಹಿರಿಯಳಾದ ಮಲ್ಲವ್ವ ಉಂಡು, ತನ್ನ ತಾಟು ತೊಳೆದು ನನ್ನ ಮುಂದೆ ಹಿಡಿದಳು. ಮರುಕ್ಷಣ ಹಿಂದಕ್ಕೆಳೆದುಕೊಂಡಳು.

"ನಮ್ಮ ತಾಟು ನಿಮಗ ನಡೀತೈತೇನ್ರಿ?"

"ನಡೀತೈತಿ, ಕೊಡವ್ವಾ."

ಹೊಟ್ಟೆ ತುಂಬ ಉಂಡೆ. ತೊಳೆದು ಕೊಟ್ಟಾಗ ಆಕೆ ತಾಟನ್ನು ತಿರುಗಿಸಿ ನೋಡಿದಳು.

"ಅಂಚಿಗೆ ಸಾರು ಹಂಗ ಐತ್ರಿ," ಎಂದು ಮತ್ತೊಮ್ಮೆ ತೊಳೆದಳು.

ಮೂರು ವಾರ ಮೈಕು ಹಿಡಿದ ಕೈಗೆ ಒಂದು ತಾಟು ತೊಳೆಯಲು ಬರುವುದಿಲ್ಲ.