ಅಪ್ಪನ ಎಡೆಯ ಗ್ಲಾಸು

ಹಿರಿಯರಿಗೆ ಎಡೆ ಇಡುವ ದಿನ ನಮ್ಮ ತವರಿನಲ್ಲಿ ಅಪ್ಪನ ಬಾಳೆಲೆಯ ಪಕ್ಕ ಒಂದು ಗ್ಲಾಸು ಸಾರಾಯಿ ಇಡುತ್ತಿದ್ದರು. ಬದುಕಿದ್ದಾಗ ಅಪ್ಪ ಅದನ್ನು ಮುಟ್ಟಿದವನಲ್ಲ. ಸತ್ತವರಿಗೆ ಇಷ್ಟವಾದದ್ದನ್ನೇ ಬಡಿಸಬೇಕು, ಇಲ್ಲದಿದ್ದರೆ ಅವರು ಹಸಿದು ತಿರುಗುತ್ತಾರೆ ಎಂಬುದು ನಮ್ಮವರ ನಂಬಿಕೆ. ಅಪ್ಪ ಲಿವರ್ ಹಾಳಾಗಿ ಸತ್ತ. ಲಿವರ್ ಹಾಳಾಗಿದೆ ಎಂದಮೇಲೆ ಕುಡಿದೇ ಇರಬೇಕು, ಕುಡಿದಿದ್ದಾನೆ ಎಂದಮೇಲೆ ಅದು ಅವನಿಗೆ ಇಷ್ಟವೇ ಇರಬೇಕು. ದೊಡ್ಡಪ್ಪನ ತರ್ಕ ಅಷ್ಟು ಸರಳ. ಮೊದಲ ವರ್ಷ ಗ್ಲಾಸು ತಂದಿಟ್ಟವನು ಅವನೇ. ಅವನು ತೀರಿಕೊಂಡ ಮೇಲೂ ಗ್ಲಾಸು ಉಳಿಯಿತು.

ಅಪ್ಪ ಬೈತಖೋಲದ ಬಂದರಿನಲ್ಲಿ ಟ್ರಾಲರ್ ಬೋಟಿನ ತಾಂಡೇಲನಾಗಿದ್ದ. ಬೋಟು ನಡೆಸುವುದು, ಬಲೆ ಎಲ್ಲಿ ಬಿಡಬೇಕೆಂದು ಹೇಳುವುದು, ಜೊತೆಯವರ ಜಗಳ ಬಿಡಿಸುವುದು ಎಲ್ಲ ಅವನ ತಲೆಯ ಮೇಲೆ. ಮೀನಿನ ಹರಾಜು ಮುಗಿದ ಮೇಲೆ ಉಳಿದವರು ಕುಡಿಯಲು ಕೂತರೆ ಇವನೂ ಅಲ್ಲೇ ಕೂತು ಚಹಾ ತರಿಸುತ್ತಿದ್ದ, ತಳದಲ್ಲಿ ಸಕ್ಕರೆ ನಿಲ್ಲುವಷ್ಟು ಹಾಕಿಸಿಕೊಂಡು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೆ ಜನ ಏನೆನ್ನುತ್ತಾರೆಂದು ನಾನು ಶಾಲೆಯಲ್ಲಿ ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಟ್ಟಿದ್ದೇನೆ. ಪ್ರತಿ ಸಲ ತಿದ್ದುವಾಗ ಅಪ್ಪನ ನೆನಪಾಗಿ ಬೇಸರವಾಗುತ್ತದೆ, ಆದರೂ ಮತ್ತೆ ಕೊಡುತ್ತೇನೆ.

ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾಗಿ, ಕೈಕಾಲು ಕಡ್ಡಿಯಾಗಿ ಅವನು ಮಲಗಿದಾಗ ಬಂದವರೆಲ್ಲ ಕೇಳಿದ್ದು ಒಂದೇ ಮಾತು, ಎಷ್ಟು ವರ್ಷದಿಂದ ಕುಡಿತ ಎಂದು. "ನಾ ಕುಡೂದಿಲ್ಲ" ಎನ್ನುತ್ತಿದ್ದ ಅಪ್ಪ. ಕೇಳಿದವರು ಪಾಪ ಎಂಬಂತೆ ತಲೆಯಾಡಿಸಿ ಬೇರೆ ಮಾತು ತೆಗೆಯುತ್ತಿದ್ದರು. ಕೊನೆಕೊನೆಗೆ ಅವನು ಹೇಳುವುದನ್ನೇ ಬಿಟ್ಟ. ಅವನ ಪರವಾಗಿ ಹೇಳುತ್ತಿದ್ದವಳು ಅಮ್ಮ ಒಬ್ಬಳೇ. ಎಡೆಯ ದಿನ ದೊಡ್ಡಪ್ಪನಿಗೂ ಹೇಳುತ್ತಿದ್ದಳು, "ಅವ್ರು ಕುಡೀತಿರ್ಲಿಲ್ಲ ಭಾವಾ." ದೊಡ್ಡಪ್ಪ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ವರ್ಷಗಳು ಕಳೆದಂತೆ ಅವಳ ದನಿ ತಗ್ಗಿತು, ಆಮೇಲೆ ನಿಂತಿತು. ಎಲ್ಲರೆದುರು ಗಂಡನನ್ನು ಬಿಟ್ಟುಕೊಡದ ಹೆಂಗಸು ಎಂದು ನನಗೆ ಅವಳ ಮೇಲೆ ಬಹಳ ಅಭಿಮಾನವಿತ್ತು.

ನಾನು ಮದುವೆಯಾಗಿ ಬಂದದ್ದು ಅವರ್ಸಾಕ್ಕೆ, ಕೆಲಸ ಅಂಕೋಲೆಯ ಶಾಲೆಯಲ್ಲಿ. ಹಿರಿಮಗಳು, ಓದಿದವಳು ಬೇರೆ. ತವರಿನಲ್ಲಿ ಯಾರಿಗೆ ಕೆಮ್ಮು ಬಂದರೂ ಫೋನು ನನಗೆ ಬರುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ನನ್ನ ಅರ್ಧ ಆಯುಷ್ಯ ಕಳೆದಿದೆ. ನನಗೆ ಸಾಕಾಗಿದೆ ಎಂದು ಹೇಳಿದರೆ ಎಲ್ಲರೂ ಒಪ್ಪುತ್ತಾರೆ, ಮರುದಿನ ಮತ್ತೆ ಫೋನು ಮಾಡುತ್ತಾರೆ.

ಕಳೆದ ಮಳೆಗಾಲದಲ್ಲಿ ಬಂದದ್ದು ತಮ್ಮನ ಹೆಂಡತಿಯ ಫೋನು. ತಮ್ಮನೂ ಅಪ್ಪನಂತೆ ತಾಂಡೇಲ. ಅಪ್ಪನ ಕಥೆ ಕಂಡವನಾದ್ದರಿಂದ ಕುಡಿತದ ಹತ್ತಿರ ಸುಳಿದಿರಲಿಲ್ಲ, ಚಹಾ ಬನ್ನು ಮಾತ್ರ ಅಪ್ಪನಂತೆಯೇ. ಮಳೆಗಾಲದಲ್ಲಿ ಬೋಟುಗಳೆಲ್ಲ ದಡದಲ್ಲಿದ್ದಾಗ ಹೊಟ್ಟೆನೋವೆಂದು ಸ್ಕ್ಯಾನ್ ಮಾಡಿಸಿದ್ದ. ಲಿವರಿನಲ್ಲಿ ಕೊಬ್ಬಿದೆ, ರಕ್ತದ ಪರೀಕ್ಷೆಯೂ ಸರಿಯಿಲ್ಲ, ದೊಡ್ಡ ಡಾಕ್ಟರಿಗೆ ತೋರಿಸಿ ಎಂದಿದ್ದರು. ಅವನು ಹೋಗುವುದಿಲ್ಲ ಎಂದು ಕೂತಿದ್ದ.

"ನಂಗೆ ಹೆದ್ರಿಕೆ ಆಗ್ತದೆ ಅಕ್ಕಾ" ಎಂದಳು ಅವಳು. "ಮಾವನ ಹಾಂಗೇ ಇವ್ರೂ ಕದ್ದು ಕುಡೀತ್ರು ಏನೋ. ಮಲಗಿದ ಮೇಲೆ ಬಾಯಿ ಮೂಸಿ ನೋಡ್ತೆ. ಎಂತಾ ವಾಸ್ನೆಯೂ ಇಲ್ಲ. ಆದ್ರೆ ಈಗ ವಾಸ್ನೆ ಬರದೇ ಇದ್ದಿದ್ದೂ ಸಿಗ್ತದಂತೆ."

ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಬೇರೆ ದಾರಿಯಿಲ್ಲದೆ ಬಸ್ಸು ಹತ್ತಿದೆ.

ತಮ್ಮ ಜಗಲಿಯಲ್ಲಿ ಹರಿದ ಬಲೆ ಹರವಿಕೊಂಡು ಕೂತಿದ್ದ. ಮುಖ ಇಳಿದಿತ್ತು. ಡಾಕ್ಟರ ಮಾತು ತೆಗೆದೊಡನೆ, "ಲಿವರ್ ಡಾಕ್ಟರ ಹತ್ರ ಹೋದ್ರೆ ಬಂದರ ತುಂಬಾ ಸುದ್ದಿ ಆಗ್ತದೆ. ಅಪ್ಪನ ದಾರೀನೇ ಹಿಡ್ದ ಅಂತ್ರು" ಎಂದ.

"ಹೋಗದೇ ಸತ್ರೆ ಎಂತಾ ಅಂತ್ರು?"

"ಆಗಲೂ ಅದನ್ನೇ."

ಅವನಿಗೆ ಸಾಯುವುದಕ್ಕಿಂತ ಅಪ್ಪನಂತೆ ಸಾಯುವುದರ ಭಯ ಹೆಚ್ಚು. ಕೊನೆಗೆ, ನನ್ನ ಮಂಡಿನೋವಿಗೆ ಗೋವೆಯ ಆಸ್ಪತ್ರೆಗೆ ಜೊತೆ ಬಾ ಎಂದೆ. ನೆರೆಯವರಿಗೂ ಹಾಗೆಯೇ ಹೇಳಿದೆವು. ಮಂಡಿನೋವು ಸುಳ್ಳೇನೂ ಆಗಿರಲಿಲ್ಲ. ಊರು ಬಿಟ್ಟು ಕಾಳಿ ಸೇತುವೆ ದಾಟುವವರೆಗೂ ತಮ್ಮ ಬಸ್ಸಿನಲ್ಲಿ ಯಾರೂ ಗುರುತು ಹಿಡಿಯಬಾರದೆಂದು ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದ.

ಅಲ್ಲಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕುಡಿಯುತ್ತೀರಾ ಎಂದು ಕೇಳಿದರು. ತಮ್ಮ ಮೈ ಬಿಗಿದುಕೊಂಡು ಇಲ್ಲ ಎಂದ. ಅವರು ಸರಿ ಎಂದು ಮುಂದಿನ ಪ್ರಶ್ನೆಗೆ ಹೋದರು. ಅಷ್ಟೇ. ಜಗಳಕ್ಕೆ ಸಿದ್ಧವಾಗಿ ಬಂದಿದ್ದ ತಮ್ಮ ಬಾಯಿ ಬಿಟ್ಟುಕೊಂಡು ಅವರನ್ನೇ ನೋಡಿದ. ನಮ್ಮ ಮನೆಯವರು ಹೇಳಿದ ಆ ಮಾತನ್ನು ಒಬ್ಬರು ನಂಬಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಪ್ಪನ ಕಾಯಿಲೆಯನ್ನೂ ಹೇಳಿದೆವು. ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆಯಾದವರೋ ಎಂದು ಕೇಳಿದರು. ಹೌದು, ಅಪ್ಪ ಅಮ್ಮನ ಸೋದರಮಾವನ ಮಗ. ಆಗ ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಲಿವರಿನಲ್ಲಿ ಕೊಬ್ಬು ಸೇರುವುದು ಈಗ ಬಹಳ ಜನರಲ್ಲಿದೆ, ಹೆಚ್ಚಿನವರಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಲಿವರಿಗೆ ಗಾಯವಾಗುತ್ತ, ಕಲೆ ಕಟ್ಟುತ್ತ, ಗಟ್ಟಿಯಾಗುತ್ತ ಹೋಗುತ್ತದೆ. ಯಾರಲ್ಲಿ ನಿಲ್ಲುತ್ತದೆ, ಯಾರಲ್ಲಿ ಮುಂದುವರಿಯುತ್ತದೆ ಎನ್ನುವುದರಲ್ಲಿ ಹುಟ್ಟಿನಿಂದ ಬಂದ ಜೀನುಗಳ ಪಾಲೂ ಇದೆ. ಲಿವರ್ ತನ್ನ ಕೊಬ್ಬನ್ನು ಕರಗಿಸಿಕೊಳ್ಳುವುದಕ್ಕೆ ಸಂಬಂಧಪಟ್ಟ ಒಂದು ಜೀನಿನಲ್ಲಿ ಕೆಲವರಿಗೆ ಸಣ್ಣ ವ್ಯತ್ಯಾಸ ಇರುತ್ತದೆ. ತಂದೆಯಿಂದಲೂ ತಾಯಿಯಿಂದಲೂ ಅದೇ ಬಂದರೆ ಅಪಾಯ ಹೆಚ್ಚು. ತೆಳ್ಳಗಿದ್ದವರಿಗೂ ಆಗಬಹುದು, ಹನಿ ಕುಡಿಯದವರಿಗೂ ಆಗಬಹುದು.

"ಹಾಗಾದ್ರೆ ನಮ್ಮಪ್ಪ?" ಎಂದ ತಮ್ಮ.

ನೋಡದ ರೋಗಿಯ ಬಗ್ಗೆ ಖಂಡಿತ ಹೇಳಲಾರೆ ಎಂದರು ಡಾಕ್ಟರು. ಆದರೆ ಕುಡಿಯುವುದಿಲ್ಲ ಎಂದು ಅಪ್ಪ ಹೇಳಿದ್ದನ್ನು ನಂಬದಿರಲು ತನಗೆ ಕಾರಣ ಕಾಣುವುದಿಲ್ಲ ಎಂದರು.

ತಮ್ಮನ ಲಿವರ್ ಗಟ್ಟಿಯಾಗಲು ಶುರುವಾಗಿತ್ತು. ಅಪ್ಪನ ಹಂತಕ್ಕೆ ಹೋಗಿರಲಿಲ್ಲ. ಸಕ್ಕರೆ, ಬೇಕರಿ ತಿಂಡಿ ಬಿಡಬೇಕು, ತೂಕ ಇಳಿಸಬೇಕು, ಆಗಾಗ ಬಂದು ತೋರಿಸಬೇಕು. ಹುಟ್ಟಿನಿಂದ ಬಂದದ್ದನ್ನು ಬದಲಿಸಲಾಗದು, ರೋಗವನ್ನು ನಿಧಾನ ಮಾಡಬಹುದು, ಬೇಗ ಹಿಡಿದರೆ ಸ್ವಲ್ಪ ಹಿಂದಕ್ಕೂ ತರಬಹುದು ಎಂದರು. ಮಂಡಿ ತೋರಿಸಲು ಬಂದ ನನ್ನನ್ನೂ ಪರೀಕ್ಷೆಗೆ ಮಲಗಿಸಿದರು. ನನಗೂ ಕೊಬ್ಬಿದೆ, ಲಿವರ್ ಮಾತ್ರ ಮೆತ್ತಗೇ ಇದೆ. ಅದೇ ಅಪ್ಪ, ಅದೇ ಅಮ್ಮ, ಒಂದೇ ಮಡಕೆಯ ಮೀನುಸಾರು ಉಂಡು ಬೆಳೆದವರು ನಾವು. ಅವನಿಗೆ ಬಂದದ್ದು ನನಗೇಕೆ ಬರಲಿಲ್ಲ? ಮಕ್ಕಳಿಗೆ ಹಂಚಿಕೆ ಒಂದೇ ರೀತಿ ಆಗುವುದಿಲ್ಲ ಎಂದರು ಡಾಕ್ಟರು. ನನಗೆ ಸಮಾಧಾನವಾಗಲಿಲ್ಲ. ತಪ್ಪಿಸಿಕೊಂಡೆ ಎಂದು ಒಳಗೊಳಗೇ ಖುಷಿಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

ಮನೆಗೆ ಬಂದು ಅಮ್ಮನನ್ನೂ ತಮ್ಮನ ಹೆಂಡತಿಯನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಅಮ್ಮ ಮಧ್ಯದಲ್ಲಿ ಒಮ್ಮೆ, "ನನ್ನ ಕಡೆಯಿಂದ್ಲೂ ಬಂದದೆ ಅಂದ್ರಾ?" ಎಂದು ಕೇಳಿದಳು. ಇರಬಹುದು ಎಂದೆ. ಇಷ್ಟು ವರ್ಷ ತಾನೊಬ್ಬಳೇ ಹೇಳಿಕೊಂಡು ಬಂದ ಮಾತು ನಿಜವಾಯಿತಲ್ಲ, ಹಿಗ್ಗುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಹೋಗಿ ಮಲಗಿಬಿಟ್ಟಳು.

ಆ ವರ್ಷದ ಎಡೆಯ ದಿನ ನಾನು ಬೆಳಿಗ್ಗೆಯೇ ಹೋದೆ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಹುರಿದ ಇಸೋಣ ಮೀನು ಎಲ್ಲ ಬಡಿಸಿಯಾಗಿತ್ತು. ಇನ್ನು ಬಾಗಿಲು ಹಾಕಿಕೊಂಡು ಹಿರಿಯರನ್ನು ಉಣ್ಣಲು ಬಿಡಬೇಕು. ಅಭ್ಯಾಸಬಲದಿಂದ ಯಾರೋ ತಂದಿಟ್ಟ ಸಾರಾಯಿ ಗ್ಲಾಸು ಎಲೆಯ ಪಕ್ಕದಲ್ಲೇ ಇತ್ತು. ತಮ್ಮ ಅದನ್ನು ತೆಗೆಯಲು ಬಗ್ಗಿದ. ಅಮ್ಮ ಅವನ ಕೈ ತಡೆದಳು.

"ನಾ ತೆಗೀತೆ. ಇದನ್ನ ಇಟ್ಟಿದ್ದು ಭಾವ ಒಬ್ರೇ ಅಲ್ಲ" ಎಂದಳು. ಗ್ಲಾಸನ್ನು ಹಿಡಿದುಕೊಂಡು ಅಲ್ಲೇ ಕೂತಳು. "ಊರವ್ರ ಎದ್ರಿಗೆ ಇಲ್ಲ ಅಂತಿದ್ದೆ. ಮನಸ್ನಲ್ಲಿ ನಂಗೂ ಸಂಶಯ ಇತ್ತು. ಅವ್ರು ಮಲಗಿದ ಮೇಲೆ ದಿನಾ ಬಾಯಿ ಮೂಸ್ತಿದ್ದೆ. ವಾಸ್ನೆ ಬರ್ಲಿಲ್ಲ ಅಂದ್ರೂ ನಂಬ್ಲಿಲ್ಲ. ಪುಣ್ಯಕ್ಕೆ ಅವ್ರಿಗೆ ಗೊತ್ತಾಗ್ಲಿಲ್ಲ."

ಬಾಗಿಲ ಬಳಿ ನಿಂತಿದ್ದ ತಮ್ಮನ ಹೆಂಡತಿಯ ಕಣ್ಣಲ್ಲಿ ನೀರು ಬಂತು. "ನಾನೂ..." ಎಂದವಳಿಗೆ ಮುಂದೆ ಹೇಳಲಾಗಲಿಲ್ಲ.

"ಗೊತ್ತದೆ" ಎಂದ ತಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಾ ಎಚ್ಚರಾನೇ ಇರ್ತಿದ್ದೆ. ಕಣ್ಣು ಬಿಟ್ರೆ ನಿಂಗೆ ನಾಚ್ಕೆ ಆಗ್ತದೆ ಅಂದೇಳಿ ಸುಮ್ನೆ ಮಲಗಿರ್ತಿದ್ದೆ."

ಅಮ್ಮ ತಲೆ ಎತ್ತಿ ಮಗನನ್ನು ನೋಡಿದಳು. ಆಮೇಲೆ ಎಲೆಯ ಕಡೆ ತಿರುಗಿ, ಅಲ್ಲಿ ಯಾರೋ ಕೂತಿದ್ದಾರೆಂಬಂತೆ, "ಎಚ್ಚರ ಇದ್ರಾ?" ಎಂದು ಕೇಳಿದಳು.

ನಾನು ಒಳಗೆ ಹೋಗಿ ಅಪ್ಪನ ಎಡೆಗೆಂದು ಚಹಾಕ್ಕೆ ನೀರಿಟ್ಟೆ.