ಕುರ್ಚಿಯೊಳಗಿನ ಹದಿನಾರು ನಾಲಗೆಗಳು

ಲೂಕೆ ಊರಿನ ಬಡಗಿ ಎವುಲಾಲಿಯೊ ಐವತ್ತೆಂಟನೆಯ ವಯಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತದ್ದು ಶೋಕಿಗಲ್ಲ. ಗರಗಸದ ಯಂತ್ರ ಬಲಗೈಯ ಎರಡು ಬೆರಳು ತಿಂದಿತ್ತು. ಉಳಿ ಹಿಡಿಯಲಾರದ ಕೈಯನ್ನು ನಂಬಿ ಯಾರೂ ಮರ ಕೊಡುತ್ತಿರಲಿಲ್ಲ. ಜಾಹೀರಾತಿನ ಚಿತ್ರಗಳಿಗೆಂದು ಕಂಪ್ಯೂಟರಿನಲ್ಲೇ ಕುರ್ಚಿ, ಮೇಜು ಮಾಡಿಕೊಡುವ ಅಸುನ್ಸಿಯೋನಿನ ಕಚೇರಿಯೊಂದು ಮೂರು ತಿಂಗಳು ನೋಡೋಣ ಎಂದಿತ್ತು. ಆ ಮೂರು ತಿಂಗಳು ಈ ಶುಕ್ರವಾರ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಒಂದು ಕುರ್ಚಿ ಒಪ್ಪಿಸಬೇಕು, ಇಲ್ಲವೇ ಮನೆಗೆ ಹೋಗಬೇಕು.

ಕುರ್ಚಿಯೇನೋ ಪರದೆಯ ಮೇಲೆ ಎದ್ದು ನಿಂತಿತ್ತು. ಅಪ್ಪ ಮಾಡುತ್ತಿದ್ದ ಮಾದರಿಯೇ. ಉಳಿದದ್ದು ಬೆವೆಲ್, ಅಂದರೆ ಚೂಪಾದ ಅಂಚುಗಳನ್ನು ತುಸು ಉರುಟು ಮಾಡುವುದು. ಮರದಲ್ಲಾದರೆ ಉಪ್ಪುಕಾಗದದಿಂದ ಉಜ್ಜಿ ಕಣ್ಣು ಮುಚ್ಚಿ ಮಾಡುವ ಕೆಲಸ. ಇಲ್ಲಿ ಗುಂಡಿ ಒತ್ತಿದೊಡನೆ, ಕಾಲಿಗೆ ಅಡ್ಡಪಟ್ಟಿ ಸೇರುವ ಕಡೆಯೆಲ್ಲ ಅಂಚು ಹರಿದು ಕಪ್ಪು ಮುಳ್ಳುಗಳೆದ್ದವು. ಅಗಲ ಕಡಿಮೆ ಮಾಡಿದ. ಅಳತೆ ಸರಿಪಡಿಸಿದ. ಒಂದರ ಮೇಲೊಂದು ಕೂತ ಬಿಂದುಗಳನ್ನು ಹುಡುಕಿ ಬೆಸೆದ. ಮುಳ್ಳುಗಳು ಜಪ್ಪಯ್ಯ ಅನ್ನಲಿಲ್ಲ. ಎಲೆ ನೆನೆಸಿದ ತಣ್ಣನೆಯ ಪಾನೀಯ ತೆರೆರೆಯ ಲೋಟ ಕಚೇರಿಯವರ ಕೈಯಿಂದ ಕೈಗೆ ಸುತ್ತು ಬಂದಾಗ ಮೊದಲ ಗುಟುಕಿಗೇ ‘ಧನ್ಯವಾದ’ ಎಂದು ಹಿಂದಿರುಗಿಸಿದ. ಲೋಟದ ಮುಂದೆ ಆ ಮಾತಿಗೆ ‘ನನಗಿನ್ನು ಸಾಕು’ ಎಂದರ್ಥ; ಹೇಳಿದವನಿಗೆ ಮತ್ತೆ ಯಾರೂ ಕೊಡುವುದಿಲ್ಲ.

“ಏನ್ ಮೇಸ್ತ್ರಿ, ಒಂದೇ ಗುಟುಕಿಗೆ ಸಾಕಾಯ್ತಾ?” ಎನ್ನುತ್ತ ಮೇಲ್ವಿಚಾರಕಿ ನಿಲ್ಡಾ ಬಂದಳು. ಮಗಳ ವಯಸ್ಸಿನವಳು.

“ನನ್ನ ಹಣೆಬರಹ ಕಣಮ್ಮ. ಇದಕ್ಕೆ ನನ್ನ ಕಂಡ್ರೆ ಆಗಲ್ಲ.”

ಅವಳು ಕುರ್ಚಿಯನ್ನು ಗಾಜಿನಂತೆ ಪಾರದರ್ಶಕ ಮಾಡಿ ನೋಡಿ ನಕ್ಕುಬಿಟ್ಟಳು. “ಅಯ್ಯೋ, ಇದೇನ್ರೀ? ಪಟ್ಟಿ ತುದೀನೆಲ್ಲ ಕಾಲಿನೊಳಗೆ ತೂರಿಸಿದ್ದೀರಲ್ಲ!”

“ತುದಿಗೆ ನಾಲಗೆ ಕೆತ್ತಿ ಕೂರಿಸದೆ ಕುರ್ಚಿ ನಿಲ್ಲುತ್ತಾ? ಹದಿನಾರು ಕೂರಿಸಿದ್ದೀನಿ. ಒಂದೂ ಸಡಿಲ ಇಲ್ಲ.”

“ಅದೇ ಎಡವಟ್ಟು. ಒಂದ್ ಅಂಚಿಗೆ ಎರಡೇ ಮುಖ ಸೇರ್ಬೇಕು. ಒಳಗಿಂದೂ ಸೇರಿ ನಿಮ್ದಕ್ಕೆ ನಾಲ್ಕಿವೆ. ಯಾವ ಕಡೆ ಬಗ್ಗಬೇಕು ಅಂತ ಪಾಪ ಅದಕ್ಕೇ ಗೊತ್ತಾಗಲ್ಲ. ಒಳಗಿಂದೆಲ್ಲ ತೆಗೀರಿ.”

“ಆಮೇಲೆ ಗಟ್ಟಿ ಇರೋದು ಹೇಗೆ?”

“ಏನ್ ಗಟ್ಟಿ ಮೇಸ್ತ್ರಿ? ಒಳಗೆ ಯಾರು ನೋಡ್ತಾರೆ?”

ಯಾರೂ ನೋಡದ ಕಡೆ ಕೆಲಸ ಕದ್ದರೆ ಅಪ್ಪ ತಲೆಗೆ ಮೊಟಕುತ್ತಿದ್ದ. ಎವುಲಾಲಿಯೊ ಮೂರು ಬೆರಳಿನ ಕೈಯಿಂದ ಹದಿನಾರನ್ನೂ ಒಂದೊಂದಾಗಿ ಅಳಿಸಿದ. ಬೆವೆಲ್ ಗುಂಡಿ ಒತ್ತಿದ. ಅಂಚುಗಳು ಬೆಣ್ಣೆಯ ಹಾಗೆ ಉರುಟಾದವು.

“ನೋಡಿ, ಪಾಸಾದ್ರಿ! ಸೋಮವಾರ ಬನ್ನಿ, ಇಂಥವು ಇನ್ನೂ ನಲವತ್ತು ಮಾಡೋದಿದೆ.”

ಕೆಲಸ ಸಿಕ್ಕಿತ್ತು. ಬೆರಳು ಹೋದ ದಿನವೂ ಅವನ ಎದೆ ಹೀಗೆ ಕುಸಿದಿರಲಿಲ್ಲ.

“ಇದರ ಮೇಲೆ ಕೂತವ್ರು ಬೀಳ್ತಾರೆ ಕಣಮ್ಮ,” ಎಂದ.

“ಇದರ ಮೇಲೆ ಯಾರೂ ಕೂರಲ್ಲ ಬಿಡಿ,” ಎಂದು ನಿಲ್ಡಾ ಲೋಟ ತುಂಬಿ ಅವನತ್ತ ಚಾಚಿದಳು.

ಅವನು ಲೋಟ ಮುಟ್ಟದೆಯೇ ‘ಧನ್ಯವಾದ’ ಎಂದ.