ಊದದ ಸೀಟಿ

ಆರ್ಡಿತ್ ಕೋಲ್ಟರ್‌ಮನ್‌ಗೆ ತನ್ನ ಕಣ್ಣಿನ ಮೇಲೆ ಎಂದೂ ಅನುಮಾನ ಬಂದದ್ದಿಲ್ಲ. ವಾರವೆಲ್ಲ ನೆಬ್ರಾಸ್ಕಾದ ತನ್ನೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುತ್ತಿದ್ದಳು. ಶನಿವಾರ ಬಂತೆಂದರೆ ಕಪ್ಪುಬಿಳಿ ಪಟ್ಟೆಯ ಅಂಗಿ ತೊಟ್ಟು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನ ಕಾಲೇಜು ಪಂದ್ಯಗಳಿಗೆ ತೀರ್ಪುಗಾರ್ತಿಯಾಗಿ ಮೈದಾನದ ಅಂಚಿನಲ್ಲಿ ನಿಲ್ಲುವಳು. ಕೋಚುಗಳು ಎಷ್ಟೇ ಹಾರಾಡಲಿ, ಜಪ್ಪಯ್ಯ ಅಂದರೂ ಜಗ್ಗುವವಳಲ್ಲ.

ಒಂದು ಬೇಸಿಗೆಯಲ್ಲಿ ವೃತ್ತಿಪರ ಲೀಗಿನಿಂದ ಕರೆ ಬಂತು. ಆಗಸ್ಟಿನ ಅಭ್ಯಾಸ ಪಂದ್ಯಗಳಲ್ಲಿ ಅವಳನ್ನು ನೋಡುತ್ತಾರಂತೆ, ಸರಿಹೋದರೆ ಕೆಲಸ ಖಾಯಂ. ಆರ್ಡಿತ್ ಹೆದರಿದ್ದು ಒಂದಕ್ಕೇ, ತನ್ನ ಬಾಯಿಗೆ. ಕಾಲೇಜಿನಲ್ಲಿ ಚೆಂಡು ಹಿಡಿದವನ ಮೊಣಕಾಲು ನೆಲಕ್ಕೆ ತಾಗಿದರೆ ಮುಗಿಯಿತು, ತಾನಾಗಿ ಎಡವಿ ಬಿದ್ದರೂ ಆಟ ಅಲ್ಲಿಗೆ ನಿಂತಂತೆ. ವೃತ್ತಿಪರರಲ್ಲಿ ಬಿದ್ದವನನ್ನು ಎದುರಾಳಿ ಮುಟ್ಟಬೇಕು. ಮುಟ್ಟದಿದ್ದರೆ ಎದ್ದು ಓಡಬಹುದು. ಅಂಚಿನಲ್ಲಿ ಚೆಂಡು ಹಿಡಿಯುವಾಗ ಕಾಲೇಜಿನಲ್ಲಿ ಒಂದು ಪಾದ ಗೆರೆಯೊಳಗಿದ್ದರೆ ಸಾಕು, ಇಲ್ಲಿ ಎರಡೂ ಬೇಕು. ಅದು ಕಣ್ಣಿನ ಕೆಲಸ, ಬೇಗ ಒಗ್ಗಿತು. ಆದರೆ ಸೀಟಿ ವರ್ಷಗಟ್ಟಲೆಯ ಚಾಳಿ. ಮೊಣಕಾಲು ತಾಗಿದ್ದೇ ತಡ, ಪೀ ಎನ್ನುತ್ತಿತ್ತು. ತಪ್ಪಿ ಊದಿದರೂ ಆಟ ನಿಂತುಹೋಗುತ್ತದೆ. ಅಂಥದೊಂದು ಸೀಟಿ ಊದಿದರೆ ಹೊಸ ಕೆಲಸಕ್ಕೆ ಎಳ್ಳುನೀರು.

ಹಾಗಾಗಿ ಹಿತ್ತಿಲಲ್ಲಿ ಅಭ್ಯಾಸ ಶುರುವಾಯಿತು. ಬೀಳುವವನು ಗಂಡ ವೆರ್ಲಿನ್, ಮುಟ್ಟುವುದು ಮನೆಯ ನಾಯಿ.

"ಬಿದ್ದೂ ಬಿದ್ದೂ ಸೊಂಟ ಹೋಯ್ತು ಕಣೇ! ನಿಂಗೆ ಕೆಲಸ ಸಿಗೋ ಹೊತ್ತಿಗೆ ನಂಗೆ ಊರುಗೋಲು ಸಿಗುತ್ತೆ."

"ಬೀಳೋದಕ್ಕೂ ಇಷ್ಟು ರಾಗಾನಾ? ಎದ್ದು ಓಡು. ನಾಯಿ ಮುಟ್ಟೋ ತನಕ ನಾನು ಊದಲ್ಲ."

"ಅದು ಮುಟ್ಟಲ್ಲ, ನೆಕ್ಕುತ್ತೆ!"

"ನೆಕ್ಕಿದ್ರೂ ಮುಟ್ಟಿದ ಹಾಗೇ."

ಪಕ್ಕದ ಮನೆಯವರು ಬೇಲಿಯಾಚೆ ಕುರ್ಚಿ ಹಾಕಿಕೊಂಡು, ಕೋಸು-ಮಾಂಸ ತುಂಬಿದ ಬನ್ನು ತಿನ್ನುತ್ತ ಈ ತಮಾಷೆ ನೋಡಿದರು. ಮೊದಮೊದಲು ಸೀಟಿ ತಾನಾಗಿ ಊದಿಕೊಳ್ಳುತ್ತಿತ್ತು. ಆಗಸ್ಟ್ ಹೊತ್ತಿಗೆ ಬಾಯಿ ಹೇಳಿದ ಮಾತು ಕೇಳುವಂತಾಯಿತು.

ಕೊನೆಯ ಅಭ್ಯಾಸ ಪಂದ್ಯ. ಆತಿಥೇಯ ತಂಡದ ಜಮಾರಿ ಓಡಮ್ ಆಗಷ್ಟೇ ಕಾಲೇಜು ಮುಗಿಸಿ ಬಂದ ಹುಡುಗ. ತಂಡದಲ್ಲಿ ಉಳಿಯುವನೋ ಇಲ್ಲವೋ ಎಂಬುದು ಅವನಿಗೂ ಇದೇ ಪಂದ್ಯದಲ್ಲಿ ಗೊತ್ತಾಗಬೇಕಿತ್ತು. ಆರ್ಡಿತ್‌ಳ ಮುಂದೆಯೇ ಅವನು ಚಂಗನೆ ಹಾರಿ ಚೆಂಡು ಹಿಡಿದ, ಜಾರಿ ಮೊಣಕಾಲೂರಿದ. ಸುತ್ತ ಯಾರೂ ಇರಲಿಲ್ಲ. ಎದ್ದವನೇ ಅವಳತ್ತ ಒಮ್ಮೆ ನೋಡಿ, ಆಟ ನಿಂತಿತೆಂಬಂತೆ ಚೆಂಡನ್ನು ಬೆನ್ನ ಹಿಂದೆ ಬಿಟ್ಟು, ನಗುತ್ತ ಗೆಳೆಯರತ್ತ ನಡೆದ. ಆರ್ಡಿತ್ ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಳು. ಎದುರು ತಂಡದವನೊಬ್ಬ ಕ್ಷಣ ತಬ್ಬಿಬ್ಬಾಗಿ, ಚೆಂಡು ಬಾಚಿಕೊಂಡು ಓಡಿಯೇ ಓಡಿದ. ಜನ ಬೊಬ್ಬೆ ಹೊಡೆದರು.

ಜಮಾರಿಯ ಕೋಚ್ ಕೆಂಡವಾಗಿ ಬಂದ. "ಎಲ್ಲಮ್ಮಾ ನಿನ್ನ ಸೀಟಿ, ನುಂಗಿಬಿಟ್ಯಾ? ಹುಡುಗ ಬಿದ್ದಿದ್ದು ಕಾಣಲಿಲ್ವಾ?"

"ಚೆನ್ನಾಗೇ ಕಂಡಿತು. ಮುಟ್ಟಿದವರು ಯಾರು, ತೋರಿಸಿ."

ಕೋಚ್ ದೊಡ್ಡ ಪರದೆಯಲ್ಲಿ ಮತ್ತೆ ಮತ್ತೆ ಬಂದ ದೃಶ್ಯ ನೋಡಿದ. ಆಮೇಲೆ ಜಮಾರಿಯತ್ತ ತಿರುಗಿದ.

ಪಂದ್ಯ ಮುಗಿದು ಮೆಟ್ಟಿಲಿಳಿಯುವಾಗ ಲೀಗಿನ ಮೇಲ್ವಿಚಾರಕ ಕೈಕುಲುಕಿ, "ಕೆಲಸ ನಿಮ್ಮದೇ," ಎಂದ. ಆರ್ಡಿತ್‌ಗೆ ಕುಣಿಯಬೇಕೆನಿಸಿತು. ಹೊರಬಾಗಿಲಲ್ಲಿ ಜಮಾರಿ ಚೀಲ ಹೆಗಲಿಗೇರಿಸಿ ಕಾಯುತ್ತಿದ್ದ.

"ನನ್ನನ್ನ ಕೈಬಿಟ್ರು ಮೇಡಂ. ಹೋದ ವರ್ಷ ಕಾಲೇಜಲ್ಲೂ ಹೀಗೇ ಬಿದ್ದಿದ್ದೆ. ಆಗ ಸೀಟಿ ಊದಿದ್ದು ನೀವೇ."

"ಊದಿದ್ದೆ. ಆಗ ಅದು ಸರಿ, ಇವತ್ತು ಇದು ಸರಿ."

"ಗೊತ್ತು, ಜಗಳಕ್ಕೆ ಬಂದಿಲ್ಲ." ಹುಡುಗ ನೆಲ ನೋಡಿದ. "ಅಂಚಲ್ಲಿ ನೀವು ನಿಂತಿದ್ರಲ್ಲ, ನಿಮ್ಮ ಮುಖ ನೋಡಿದ ಮೇಲೇ, ಇನ್ನೂ ಕಾಲೇಜಿನ ಆಟಾನೇ ಅನ್ನಿಸಿ, ಚೆಂಡು ಬಿಟ್ಟೆ."

ತೀರ್ಪಿನ ಬಗ್ಗೆ ಆರ್ಡಿತ್‌ಗೆ ಆಗಲೂ ಅನುಮಾನವಿರಲಿಲ್ಲ. ಆದರೂ ಅವನ ಚೀಲದ ಒಂದು ಹಿಡಿಯನ್ನು ತಾನು ಹಿಡಿದು, ಬಸ್ಸಿನವರೆಗೂ ಅವನ ಜೊತೆ ನಡೆದಳು.